ನಾನು ಕಂಡೆನೆಂದು ಹೇಳಿದ ಕನಸು

ತಂಗಿಯ ಬೊಜ್ಜದ ದಿನ, ಎಂದರೆ ನಮ್ಮಲ್ಲಿ ಸತ್ತವರ ಹೆಸರಿನಲ್ಲಿ ಬಂಧುಗಳಿಗೆ ಊಟ ಹಾಕುವ ದಿನ, ಹೆಂಗಸರೆಲ್ಲ ಊಟ ಮುಗಿಸಿ ಹಿಂಬದಿಯ ಜಗಲಿಯಲ್ಲಿ ಕೂತಿದ್ದರು. ಒಬ್ಬೊಬ್ಬರಾಗಿ ತಮ್ಮ ಕನಸು ಹೇಳುತ್ತಿದ್ದರು. ಚಿಕ್ಕಮ್ಮನಿಗೆ ಅವಳು ಬಾವಿಯ ಹತ್ತಿರ ಕಂಡಿದ್ದಳಂತೆ. ಅತ್ತಿಗೆಗೆ ಬಸ್ಸಿನ ಕಿಟಕಿಯಿಂದ ಕೈ ಬೀಸಿದ್ದಳಂತೆ. ವರ್ಷಕ್ಕೊಮ್ಮೆ ನಮ್ಮ ಮನೆಗೆ ಬರುವವರ ಕನಸಿಗೂ ಅವಳು ಹೋಗಿ ಬಂದಿದ್ದಳು.

"ಅಕ್ಕನ ಕನಸಿಗೆ ಬಾರದೆ ಇರ್ಲಿಕ್ಕುಂಟಾ? ಕಡೆಯ ಮೂರು ತಿಂಗಳು ಇವಳ ಕೈಯಿಂದಲೇ ಗಂಜಿ ಕುಡಿದದ್ದಲ್ವಾ" ಎಂದರು ಚಿಕ್ಕಮ್ಮ, ನನ್ನ ಕಡೆ ತಿರುಗಿ.

ಅವಳು ಬಂದಿರಲಿಲ್ಲ. ಮೂರು ತಿಂಗಳು ಬೆಳುವಾಯಿಯ ನಮ್ಮ ಮನೆಯಲ್ಲಿ ಅವಳ ಮಗ್ಗುಲಲ್ಲಿ ನಿದ್ದೆಗೆಟ್ಟ ನಾನು, ಅವಳು ಹೋದ ಮೇಲೆ ಕಲ್ಲಿನ ಹಾಗೆ ಮಲಗುತ್ತಿದ್ದೆ. ಕನಸೇ ಇಲ್ಲದ ನಿದ್ದೆ. ಅದನ್ನು ಹಾಗೆಯೇ ಹೇಳಬಹುದಿತ್ತು. ಆದರೆ ಅಷ್ಟು ಮುಖಗಳು ನನ್ನನ್ನು ನೋಡುತ್ತಿದ್ದಾಗ, ತಂಗಿ ನನ್ನ ಹತ್ತಿರ ಮಾತ್ರ ಬರಲಿಲ್ಲ ಎನ್ನಲು ನಾಚಿಕೆಯಾಯಿತು.

"ಬಂದಿದ್ಲು" ಎಂದೆ. "ಮಾಡಿಲ್ಲದ, ತಲೆಯ ಮೇಲೆ ಆಕಾಶ ಕಾಣುವ ಒಂದು ಕೋಣೆ. ಅವಳು ಕೂತು ತಲೆ ಬಾಚ್ತಾ ಇದ್ಲು. ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. ಆ ಕುರ್ಚಿಯನ್ನು ನೋಡುವುದು, ಬಾಗಿಲನ್ನು ನೋಡುವುದು. ಮಾತಿಲ್ಲ."

ಅದು ಕನಸಲ್ಲ. ಒಂದು ವರ್ಷದ ಹಿಂದೆ ನಾವಿಬ್ಬರೂ ಮೂಡುಬಿದಿರೆಯಲ್ಲಿ ನೋಡಿದ ಒಂದು ಸಿನಿಮಾದ ದೃಶ್ಯ.

ತಂಗಿ ಮೆಲ್ಕಾರಿನ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದಳು. ಸಿನಿಮಾ ತೋರಿಸಿ ಆಮೇಲೆ ಅದರ ಬಗ್ಗೆ ಮಾತಾಡುವ ಒಂದು ಗುಂಪು ಮೂಡುಬಿದಿರೆಯಲ್ಲಿತ್ತು. ಭಾನುವಾರ ಮಧ್ಯಾಹ್ನ ಅವಳು ಅಲ್ಲಿಗೆ ಹೋಗುತ್ತಿದ್ದಳು. ಆ ದಿನ ನನ್ನನ್ನೂ ಎಳೆದುಕೊಂಡು ಹೋದಳು. ನಾನು ಹತ್ತನೆಯವರೆಗೆ ಓದಿ, ಮನೆಯಲ್ಲಿ ರವಿಕೆ ಹೊಲಿಯುವವಳು. ಪರದೆಯ ಮೇಲೆ ಯಾವುದೋ ದೇಶದ ಭಾಷೆ. ಒಬ್ಬ ಹೆಂಗಸು ಒಂದು ಕೋಣೆಯಲ್ಲಿ ಮಲಗಿ ಇನ್ನೊಂದು ಕೋಣೆಯಲ್ಲಿ ಏಳುತ್ತಾಳೆ. ಅಡುಗೆಮನೆಯ ಬಾಗಿಲು ತೆಗೆದರೆ ಸಮುದ್ರ. ಸತ್ತು ಹೋದ ಅಪ್ಪ ಬಂದು ಚಪ್ಪಲಿ ಎಲ್ಲಿ ಎಂದು ಕೇಳುತ್ತಾನೆ. ಯಾವುದು ಅವಳ ಕನಸು, ಯಾವುದು ನಿಜ ಎಂದು ನಾನು ಲೆಕ್ಕ ಹಾಕುತ್ತಲೇ ಇದ್ದೆ. ಮುಗಿಯುವ ಹೊತ್ತಿಗೆ ತಲೆನೋವು ಬಂತು.

ಆಮೇಲೆ ಚರ್ಚೆ. ಕುರ್ಚಿಯ ದೃಶ್ಯಕ್ಕೆ ಒಬ್ಬರು ಅದು ಬಿಟ್ಟು ಹೋದ ಗಂಡನ ಜಾಗ ಎಂದರು. ಇನ್ನೊಬ್ಬರು ಬರಬೇಕಾದ ಪ್ರೇಮಿಯದು ಎಂದರು. ಆಗ ನನ್ನ ತಂಗಿ ಎದ್ದು ನಿಂತಳು.

"ಆ ಕುರ್ಚಿ ಯಾರಿಗೂ ಅಲ್ಲ ಸರ್. ಅದು ಖಾಲಿ ಇರುವುದೇ ಅವಳಿಗೆ ಇಷ್ಟ. ಯಾರಾದರೂ ಬಂದು ಕೂತುಬಿಡ್ತಾರೋ ಅಂತ ಅವಳು ಬಾಗಿಲು ನೋಡುವುದು. ನೀವೆಲ್ಲ ಸೇರಿ ಯಾಕೆ ಅದರಲ್ಲಿ ಒಬ್ಬ ಗಂಡಸನ್ನು ಕೂರಿಸ್ತೀರಿ?"

ಸಭೆಯಲ್ಲಿ ನಗು ಎದ್ದಿತು. ನಾನು ಅವಳ ಸೆರಗು ಹಿಡಿದು ಎಳೆದು, "ಕೂತ್ಕೋ ಮಾರಾಯ್ತಿ, ಮರ್ಯಾದೆ ತೆಗೀಬೇಡ" ಎಂದೆ. ಅವಳು ಕೂತಳು. ಮದುವೆಯಾಗದ ಹೆಂಗಸು ನಾಲ್ಕು ಜನರೆದುರು ಹಾಗೆ ಹೇಳಿದರೆ ಕೇಳಿದವರು ಏನು ತಿಳಿದುಕೊಳ್ಳಬಹುದು ಎಂಬುದಷ್ಟೇ ಆಗ ನನ್ನ ಚಿಂತೆ. ಮೂವತ್ತರ ವಯಸ್ಸಿನಲ್ಲೇ ಅವಳು ನಮ್ಮ ಮಾವನ ಎದುರು ನಿಂತು, "ನನಗೆ ಮದುವೆ ಬೇಡ ಮಾವ. ಸಿಟ್ಟಿನಲ್ಲಿ ಹೇಳುವುದಲ್ಲ" ಎಂದಿದ್ದಳು. ಅಮ್ಮನ ಅಣ್ಣನಾದ ಮಾವನೇ ನಮ್ಮ ಮನೆತನದ ಹಿರಿಯರು. ಅವರು ಆ ಮಾತನ್ನು ಕೇಳಿಸಿಕೊಂಡಿದ್ದರು, ಒಪ್ಪಿರಲಿಲ್ಲ.

ಜಗಲಿಯಲ್ಲಿ ನಾನು ಹೇಳಿದ್ದು ಸಂಜೆಯೊಳಗೆ ಮಾವನ ಕಿವಿಗೆ ಬಿತ್ತು. ಅವರು ನನ್ನನ್ನು ಕರೆದು, ಇನ್ನೊಮ್ಮೆ ಹೇಳು ಎಂದರು. ಹೇಳಿದೆ. ಎರಡನೆಯ ಸಲ ಇನ್ನೂ ಸಲೀಸಾಗಿ ಬಂತು. ಅವರ ಕಣ್ಣು ಒದ್ದೆಯಾಯಿತು.

"ಜೊತೆ ಕೇಳ್ತಾ ಇದ್ದಾಳೆ. ಬದುಕಿರುವಾಗ ಬೇಡ ಅಂದವಳು ಈಗ ಕೇಳ್ತಾ ಇದ್ದಾಳೆ."

ನಮ್ಮ ಕಡೆ ಮದುವೆಯಾಗದೆ ಸತ್ತವರಿಗೆ, ಹಾಗೆಯೇ ಸತ್ತ ಇನ್ನೊಂದು ಮನೆಯವರನ್ನು ಹುಡುಕಿ ಮದುವೆ ಮಾಡುವ ಕ್ರಮ ಉಂಟು. ಹೋದವರಿಗೆ ಅಲ್ಲಿ ಒಂಟಿಯಾಗಿ ಇರಲು ಆಗುವುದಿಲ್ಲ, ಅವರು ಕನಸಿನಲ್ಲಿ ಬಂದು ತಿಳಿಸುತ್ತಾರೆ ಎಂಬ ನಂಬಿಕೆ. ಮಾವ ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿದರು. ನಾಲ್ಕು ಕಡೆ ಹೇಳಿಟ್ಟರು. ಎರಡು ತಿಂಗಳಲ್ಲಿ ಬೆಳ್ತಂಗಡಿಯ ಕಡೆಯ ಒಂದು ಮನೆ ಸಿಕ್ಕಿತು. ಹುಡುಗ ಹತ್ತೊಂಬತ್ತರಲ್ಲಿ ಜ್ವರ ಬಂದು ಹೋದವನು. ಬದುಕಿದ್ದರೆ ಈಗ ನಲವತ್ತಮೂರು. ತಂಗಿಗೆ ನಲವತ್ತೊಂದು. ಬರಿ, ಎಂದರೆ ಕುಲ, ಬೇರೆ ಬೇರೆ. ವಯಸ್ಸೂ ಸರಿ ಎಂದರು.

ಸಂಬಂಧ ಮಾತಾಡಲು ಮಾವನ ಜೊತೆ ನಾನೂ ಹೋದೆ. ಆ ಮನೆಯಲ್ಲಿ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹುಡುಗನ ತಾಯಿ ನಮಗೆ ಬೆಲ್ಲ ನೀರು ಕೊಟ್ಟು, ನನ್ನ ಎದುರು ನೆಲದ ಮೇಲೆಯೇ ಕೂತರು.

"ಇಪ್ಪತ್ತನಾಲ್ಕು ವರ್ಷ ಆಯ್ತು. ಯಾರೂ ಕೊಡ್ಲಿಕ್ಕೆ ಒಪ್ಲಿಲ್ಲ. ಒಂದು ಕಡೆ ಹುಡುಗಿ ಚಿಕ್ಕದು ಅಂದ್ರು, ಒಂದು ಕಡೆ ಬರಿ ಒಂದೇ ಆಯ್ತು. ನಿಮ್ಮ ತಂಗಿ ಅವಳಾಗಿಯೇ ಬಂದು ಹೇಳಿದ್ದಂತೆ ಅಲ್ವಾ? ನನ್ನ ಮಗನ ಪುಣ್ಯ."

ನಾನು ಹೌದೆಂದು ತಲೆಯಾಡಿಸಿದೆ.

ಹಿಂದಿರುಗಿ ಬರುವಾಗ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಮಾವನಿಗೆ ಎಲ್ಲ ಹೇಳಿದೆ. ಅದು ಸಿನಿಮಾ ಎಂದೂ ಹೇಳಿದೆ, ಕುರ್ಚಿಯ ಬಗ್ಗೆ ತಂಗಿ ಸಭೆಯಲ್ಲಿ ಆಡಿದ ಮಾತನ್ನೂ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಉಳಿದ ಚಹಾ ಕುಡಿದು ಗ್ಲಾಸು ಕೆಳಗಿಟ್ಟರು.

"ಸಾವಿರ ಮಾತು ಇರುವಾಗ ನಿನ್ನ ಬಾಯಿಗೆ ಅದೇ ಯಾಕೆ ಬಂತು? ಅವಳು ಬರಿಸಿದ್ದಾದರೆ?"

"ಇಲ್ಲ ಮಾವ. ನಾನು ಸುಳ್ಳು ಹೇಳಿದ್ದು."

"ಹಾಗಾದ್ರೆ ನಡಿ, ಹಿಂದೆ ಹೋಗುವ. ಆ ತಾಯಿಯ ಹತ್ತಿರ ನೀನೇ ಹೇಳು. ನನ್ನಿಂದಾಗುದಿಲ್ಲ."

ನಾನು ಏಳಲಿಲ್ಲ. ಮೂಡುಬಿದಿರೆಯ ಬಸ್ಸು ಬಂದಾಗ ಇಬ್ಬರೂ ಹತ್ತಿದೆವು. ಆ ವಿಷಯ ಅಲ್ಲಿಗೇ ನಿಂತಿತು.

ಮದುವೆಗೆ ರವಿಕೆ ನಾನೇ ಹೊಲಿದೆ. ತಂಗಿಯ ಅಳತೆ ನನಗೆ ಬರೆದಿಡಬೇಕಾಗಿಲ್ಲ. ಆದರೆ ಕತ್ತರಿ ಹಿಡಿದಾಗ, ಯಾವ ಅಳತೆ ಎಂದು ಕೈ ನಿಂತಿತು. ಕೊನೆಯ ದಿನಗಳ ಆ ತೋಳನ್ನು ನೆನೆಯಲಾರದೆ, ಕಾಯಿಲೆಗೆ ಮುಂಚಿನ ಅಳತೆಗೇ ಕತ್ತರಿಸಿದೆ. ಹಿಂದೆ ಅವಳೇ ಕೇಳುತ್ತಿದ್ದ ಹಾಗೆ ಕುತ್ತಿಗೆಯನ್ನು ಸ್ವಲ್ಪ ಮೇಲಕ್ಕೆ ಇಟ್ಟೆ. ಮದುವೆಯ ದಿನ ಮಣೆಯ ಮೇಲೆ ಅವಳ ಹೆಸರಿನಲ್ಲಿ ಸೀರೆ ಇಟ್ಟು ನೆರಿಗೆ ಮಡಿಸುವ ಕೆಲಸ ಅಕ್ಕನದು. ಹೂವು ಮುಡಿಸಿದೆ. ಬಳೆ ಇಟ್ಟೆ. ಆ ತಾಯಿ ತಂದ ಕರಿಮಣಿಯನ್ನು ಸೀರೆಯ ಮೇಲೆ ಸರಿಯಾಗಿ ಜೋಡಿಸಿದೆ. ಎಲ್ಲರೂ ಚೆಂದ ಆಯಿತು ಎಂದರು. ನನಗೂ ಚೆಂದ ಕಂಡಿತು. ಎಷ್ಟೋ ತಿಂಗಳ ಮೇಲೆ ಅವಳ ಕೆಲಸದಲ್ಲಿ ನನ್ನ ಕೈ ತುಂಬಿತ್ತು, ಅಷ್ಟು ಹೊತ್ತು ನನಗೆ ಸಂತೋಷವಾಗಿತ್ತು. ಹೇಳಿದ ಸುಳ್ಳಿಗಿಂತ ಆ ಸಂತೋಷವನ್ನು ನೆನೆದರೆ ನನಗೆ ಹೆಚ್ಚು ನಾಚಿಕೆಯಾಗುತ್ತದೆ. ಅವಳು ಜೀವಮಾನವಿಡೀ ಬೇಡ ಎಂದದ್ದನ್ನು, ಅವಳಿಗೆ ಬೇಡ ಎನ್ನಲು ಬಾಯಿ ಇಲ್ಲದ ಹೊತ್ತಿನಲ್ಲಿ, ನಾನು ಖುಷಿಯಿಂದ ಮಾಡಿದೆ.

ಆ ಸಿನಿಮಾದ ದಿನ ಬಸ್ಸಿನಲ್ಲಿ ನಾನು, "ಹಾಗಾದ್ರೆ ಕನಸು ಯಾವುದು, ನಿಜ ಯಾವುದು?" ಎಂದು ಕೇಳಿದ್ದೆ. "ಅದು ಬಿಡು ಅಕ್ಕ, ಆ ಹೆಂಗಸಿಗೆ ಏನು ಬೇಕಿತ್ತು ಅಂತ ನಿನಗೆ ಅನ್ನಿಸಿತು?" ಎಂದು ಅವಳು ತಿರುಗಿ ಕೇಳಿದ್ದಳು. ಗೊತ್ತಿಲ್ಲ, ತಲೆನೋವು ಎಂದು ಕಣ್ಣು ಮುಚ್ಚಿಕೊಂಡೆ. ಅವಳು ಮತ್ತೆ ಕೇಳಲಿಲ್ಲ.

ಈಗ ಬೆಳ್ತಂಗಡಿಯ ಆ ತಾಯಿ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ನನ್ನ ತಂಗಿಯನ್ನು ಸೊಸೆ ಎನ್ನುತ್ತಾರೆ. ಸೊಸೆಗೆ ಮೀನು ಆಗುತ್ತಿತ್ತೇ, ಯಾವ ಬಣ್ಣ ಇಷ್ಟ, ಬೇಗ ಏಳುತ್ತಿದ್ದಳೇ ಎಂದು ಕೇಳುತ್ತಾರೆ. ಇವಕ್ಕೆಲ್ಲ ನಾನು ಇದ್ದದ್ದನ್ನೇ ಹೇಳುತ್ತೇನೆ. ಹೋದ ವಾರ ಕೇಳಿದರು:

"ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಅವಳಿಗೆ ನನ್ನ ಮಗ ಇಷ್ಟ ಆಗ್ತಿದ್ದನಾ?"

"ಅವಳಿಗೆ ಹೆಚ್ಚು ಮಾತಾಡುವವರು ಆಗ್ತಿರಲಿಲ್ಲ" ಎಂದೆ. ಅದು ನಿಜ.

"ಅಯ್ಯೋ ದೇವರೇ, ಇವನದ್ದು ಬಾಯಿ ಮುಚ್ಚಿದ್ದೇ ಇಲ್ಲ!" ಎಂದು ಅವರು ನಕ್ಕರು. ತುಂಬ ಹೊತ್ತು ನಕ್ಕರು. ನಾನೂ ನಕ್ಕೆ. ಅವರು ಮೂಗು ಒರೆಸಿಕೊಳ್ಳುವುದು ಫೋನಿನಲ್ಲಿ ಕೇಳಿಸಿತು. "ಅವಳಿಗೆ ಅಭ್ಯಾಸ ಆಗ್ತದೆ ಅಲ್ವಾ?" ಎಂದರು.

"ಆಗ್ತದೆ" ಎಂದು ಹೇಳಿ, ಹೊಲಿಗೆ ಬಾಕಿ ಉಂಟು ಎಂದು ಫೋನ್ ಇಟ್ಟೆ.