ರೋಮ್‌ನಲ್ಲಿ ಒಡೆದ ಉಳ್ಳಾಗಡ್ಡಿ

ರೋಮ್‌ನ ದೊಡ್ಡ ಚರ್ಚಿನ ಮುಂದೆ, ಸುಡುಬಿಸಿಲಿನ ಸರದಿ ಸಾಲಿನಲ್ಲಿ ನಾನು ಕಣ್ಣು ಮುಚ್ಚಿ ದೊಪ್ಪನೆ ಬಿದ್ದೆ. ಸುಳ್ಳು ಮೂರ್ಛೆ! ನಮ್ಮೂರು ಕೆಂಭಾವಿಯ ಬಿಸಿಲಲ್ಲಿ ಬೆಳೆದ ನನಗೆ ಅಲ್ಲಿಯದು ಬೆಳದಿಂಗಳು. ಆದರೆ ಹೆಂಡತಿಯ ಮೊಣಕಾಲು ನೋಯುತ್ತಿತ್ತು, ಸಾಲು ಅಲುಗಾಡುತ್ತಿರಲಿಲ್ಲ. ಬಿದ್ದವನನ್ನು ತಂಪಿಗೆಂದು ಒಳಗೆ ಒಯ್ಯುತ್ತಾರೆ, ಜೊತೆಗೆ ಅವಳನ್ನೂ ಬಿಡುತ್ತಾರೆ ಎಂಬುದು ನನ್ನ ಲೆಕ್ಕಾಚಾರ.

ಕಾವಲುಗಾರ ಓಡಿ ಬಂದ. ಅಷ್ಟರಲ್ಲಿ ನನ್ನಾಕೆ, ನಮಗೆ ಬಿಸಿಲು ಬಡಿಯದಿರಲೆಂದು ಚೀಲದಲ್ಲಿ ಇಟ್ಟುಕೊಂಡಿದ್ದ ಉಳ್ಳಾಗಡ್ಡಿಯನ್ನು ಗುದ್ದಿ ಒಡೆದು ನನ್ನ ಮೂಗಿಗೆ ಒತ್ತಿದಳು.

"ಏಳ್ರಿ, ಸಾಕು ನಿಮ್ಮ ನಾಟಕ! ಲಗ್ನ ಆದಾಗಿಂದ ನೋಡಾಕತ್ತೇನಿ."

ಸೀನುತ್ತಾ, ಕಣ್ಣೀರು ಸುರಿಸುತ್ತಾ ಎದ್ದು ಕುಳಿತೆ. ಸಾಲಿನವರೆಲ್ಲ ಅವಳಿಗೆ ಚಪ್ಪಾಳೆ ತಟ್ಟಿದರು. ಅವಳನ್ನು ಡಾಕ್ಟರೆಂದೇ ತಿಳಿದ ಕಾವಲುಗಾರ, ಅವಳು ಕುಂಟುವುದನ್ನು ನೋಡಿ ಕೈಹಿಡಿದು ಒಳಗೆ ಕರೆದೊಯ್ದ. ನನ್ನನ್ನು ಮಾತ್ರ ಹೊರಗೆ ಛತ್ರಿಯ ಕೆಳಗೆ ಮಲಗಿಸಿ, ಏಳದಂತೆ ಒಬ್ಬ ನರ್ಸನ್ನು ಕೂರಿಸಿದರು.

ಒಳಗೆ ಹೋಗುವ ಮುನ್ನ ನನ್ನಾಕೆ ಬಾಗಿಲಲ್ಲಿ ತಿರುಗಿ ನಕ್ಕಳು. "ಸುಮ್ನ ಮಕ್ಕೊಂಡಿರ್ರಿ, ನಾ ಎಲ್ಲಾ ನೋಡಿ ಬರ್ತೇನಿ."

ಈಗ ನಮ್ಮೂರ ಸಂತೆಯಲ್ಲಿ ಯಾರಾದರೂ ಆ ಚರ್ಚು ಒಳಗೆ ಹೇಗಿದೆ ಎಂದು ಕೇಳಿದರೆ ನನ್ನಾಕೆಯನ್ನು ತೋರಿಸುತ್ತೇನೆ. ಹೊರಗಿನ ಬಿಸಿಲಿನ ಬಗ್ಗೆ ಮಾತ್ರ ನನ್ನನ್ನೇ ಕೇಳಬೇಕು.