ಕ್ರೋಯ್ಡನ್ನಿನಲ್ಲಿ ಮಧ್ಯಂತರ

ವಿದೇಶದ ಊರಾದ ಕ್ರೋಯ್ಡನ್ನಿನ ಚಿತ್ರಮಂದಿರದಲ್ಲಿ ಭಾನುವಾರ ಬೆಳಿಗ್ಗೆ ಕನ್ನಡ ಸಿನಿಮಾ. ನಾಲ್ಕು ದಿನದಿಂದ ಯಾರೊಡನೆಯೂ ಕನ್ನಡ ಆಡದ ನಾನು ಕೊನೆಯ ಸಾಲಿನಲ್ಲಿ ಒಬ್ಬನೇ ಕುಳಿತಿದ್ದೆ. ಪರದೆಯ ಮೇಲೆ ‘ಮಧ್ಯಂತರ’ ಎಂದು ಬಂದದ್ದೇ ತಡ, ಊರಿನ ಅಭ್ಯಾಸದಂತೆ ಹದಿನೈದು ಮಂದಿಯೂ ಎದ್ದು ಹೊರಗೆ ನಡೆದೆವು. ಇಲ್ಲಿ ಮಧ್ಯಂತರಕ್ಕೆ ಸಿನಿಮಾ ನಿಲ್ಲಿಸುವುದಿಲ್ಲ ಎಂಬುದು ಒಳಗಿನಿಂದ ಹಾಡು ಕೇಳಿಸಿದಾಗಲೇ ಹೊಳೆದದ್ದು.

“ಅಯ್ಯೋ, ಶುರುವಾಗಿಬಿಡ್ತು!” ಎಂದೆ.

“ಆಗ್ಲಿ ಮಾರಾಯ್ರೆ, ಕಾಫಿ ಕುಡಿದು ಹೋಗುವ,” ಎನ್ನುತ್ತ ಉಡುಪಿ ಕಡೆಯ ಹೆಂಗಸೊಬ್ಬರು ಫ್ಲಾಸ್ಕ್ ತೆರೆದರು. “ನೀವು ಒಬ್ರೇ ಬಂದದ್ದಾ? ತಕೊಳ್ಳಿ, ಚಕ್ಕುಲಿ ಉಂಟು.”

ನಾಯಕ ಖಾಲಿ ಕುರ್ಚಿಗಳಿಗೆ ಹಾಡಿ ಮುಗಿಸಿದ. ಮರಳಿದ ಮೇಲೆ ನನ್ನನ್ನು ನಡುವೆ ಕೂರಿಸಿಕೊಂಡು, ನಾಯಕಿ ಅಳುತ್ತಿರುವುದೇಕೆಂದು ಎಲ್ಲರೂ ಊಹಿಸತೊಡಗಿದರು. ಕೊನೆಯ ಸಾಲಿನಲ್ಲಿ ಬಿಟ್ಟುಬಂದಿದ್ದ ನನ್ನ ಚೀಲ ಮಾತ್ರ ಒಂಟಿಯಾಗಿ ಸಿನಿಮಾ ನೋಡಿತು.