ಎಡಗಡೆ ಸೀಟು

ನಮ್ಮ ಪಿಕಪ್ಪಿನ ಎಡಗಡೆ ಸೀಟಲ್ಲಿ ಯಾರಾದರೂ ಕೂತು ಬೆಲ್ಟ್ ಹಾಕದಿದ್ದರೆ ಗಾಡಿ ಟಿಣ್ ಟಿಣ್ ಅಂತ ಬಡಿದುಕೊಳ್ಳೋಕೆ ಶುರು ಮಾಡುತ್ತದೆ. ಸೀಟಿನೊಳಗೆ ಸೆನ್ಸರ್ ಇದೆಯಂತೆ, ಮೇಲೆ ಭಾರ ಬಿದ್ದರೆ ಅದಕ್ಕೆ ಗೊತ್ತಾಗುತ್ತದಂತೆ. ಬೆಲ್ಟ್ ಸಿಕ್ಕಿಸಿದರೆ ತೆಪ್ಪಗಾಗುತ್ತದೆ. ಷೋರೂಮಿನವರು ಇದನ್ನು ದೊಡ್ಡ ವಿಷಯ ಅನ್ನೋ ಹಾಗೆ ತೋರಿಸಿದಾಗ ನಾನು ರೇಗಿದ್ದೆ. "ಶುಂಠಿ ಹೊರೋ ಗಾಡಿಗೆ ಈ ಕಾರುಬಾರೆಲ್ಲ ಯಾಕ್ರೀ?"

ರೇಗದೆ ಮಾತಾಡೋಕೆ ನನಗೆ ಬರೋದೇ ಇಲ್ಲ ಅಂತ ನನ್ನ ಹೆಂಡತಿ ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗುತ್ತಾಳೆ. ಹೇಳಲಿ. ಅವತ್ತು ನನ್ನ ಪಕ್ಕ ನಿಂತಿದ್ದ ದೊಡ್ಡಪ್ಪ ಮಾತ್ರ ಖುಷಿಯಾಗಿ ಆ ಸೀಟಿಗೆ ಹತ್ತಿ ಕೂತು, ಬೆಲ್ಟ್ ಎಳೆದು, "ಸುಮ್ನಿರ್ಲಾ, ಎತ್ತಿಗಿಂತ ಬುದ್ಧಿ ಐತೆ ಇದಕ್ಕೆ" ಅಂದರು.

ನಾವು ಶಿರಂಗಾಲದ ಹತ್ತಿರದವರು. ತಾತನ ಕಾಲಕ್ಕೆ ಅರಕಲಗೂಡು ಕಡೆಯಿಂದ ಬಂದು ಇಲ್ಲಿ ಜಮೀನು ಮಾಡಿಕೊಂಡವರು. ಶುಂಠಿ, ಮುಸುಕಿನ ಜೋಳ, ಒಂದಿಷ್ಟು ಹಸಿಮೆಣಸು. ಅಪ್ಪ ಬೇಗ ಹೋಗಿಬಿಟ್ಟ. ನನ್ನನ್ನು ಸಾಕಿದ್ದು ದೊಡ್ಡಪ್ಪ ದೊಡ್ಡಮ್ಮನೇ. ಅವರಿಗೆ ಮಕ್ಕಳಿಲ್ಲ. ಒಂದೇ ಅಂಗಳ, ಎರಡು ಮನೆ, ಊಟ ಯಾವ ಒಲೆಯದ್ದು ಮೊದಲು ಆಗುತ್ತೋ ಆ ಮನೆಯಲ್ಲಿ.

ಹೊಸ ಗಾಡಿಯನ್ನು ನೋಡಿಕೊಂಡಿದ್ದು ನಾನಲ್ಲ, ದೊಡ್ಡಪ್ಪ. ಬೆಳಗ್ಗೆ ಎದ್ದವರೇ ಸುತ್ತ ಒಂದು ರೌಂಡು ಹೊಡೆದು ನಾಲ್ಕೂ ಟೈರಿಗೆ ಒದ್ದು ನೋಡೋದು. ಶುಂಠಿ ಹೇರಿ ಬಂದ ದಿನ ಪೈಪು ಹಿಡಿದು ಗಾಡಿಯ ಹೊಟ್ಟೆಯಡಿ ಮಲಗಿ ಕೆಮ್ಮಣ್ಣು ತೊಳೆಯೋದು. ಹಿಂದೆ ಲೋಡು ಹೇರೋ ಕಡೆ ಹಲಗೆ ಹಾಸಿಸಿದ್ದು, ಬಂಪರಿಗೆ ಕರಿದಾರ ಕಟ್ಟಿದ್ದು, ಮೊದಲ ಸರ್ವೀಸಿಗೆ ನನ್ನ ಜೊತೆ ಬಂದು ಹಳೇ ಆಯಿಲ್ ಸುರಿಯೋವರೆಗೂ ಕಣ್ಣು ಕೀಳದೆ ನಿಂತಿದ್ದು, ಎಲ್ಲ ಅವರೇ. ಸೀಟಿಗೆ ಕಂಪನಿಯಿಂದಲೇ ಬಂದ ಪ್ಲಾಸ್ಟಿಕ್ ಕವರನ್ನು ನಾನು ಹರಿಯೋಕೆ ಹೋದರೆ ಹೆಂಡತಿ ಬಿಡಲಿಲ್ಲ. ಸೀಟು ಕೊಳೆಯಾಗುತ್ತಂತೆ. ನಮ್ಮೂರಲ್ಲಿ ಯಾವ ಹೊಸ ಗಾಡಿಯ ಪ್ಲಾಸ್ಟಿಕ್ಕನ್ನೂ ಒಂದು ವರ್ಷದೊಳಗೆ ಯಾರೂ ತೆಗೆದವರಿಲ್ಲ, ಹಂಗಾಗಿ ನಾನೂ ಸುಮ್ಮನಾದೆ.

ಮಳೆ ಹಿಡಿಯೋ ಹೊತ್ತಿಗೆ ದೊಡ್ಡಪ್ಪನ ಎದೆಯಲ್ಲಿ ನೀರು ತುಂಬಿಕೊಂಡಿತು. ಮಡಿಕೇರಿ ಆಸ್ಪತ್ರೆಯಲ್ಲಿ ಒಂದಷ್ಟು ದಿನ ಇಟ್ಟುಕೊಂಡು, ಆಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಮನೆಯಲ್ಲೇ ಇರಲಿ, ಅವರಿಗೂ ಅದೇ ಇಷ್ಟ ಅಂದರು. ಅರ್ಥ ಆಯಿತು. ದೊಡ್ಡಪ್ಪನಿಗೂ ಆಗಿತ್ತು. "ಆಂಬುಲೆನ್ಸ್ ಗೀಂಬುಲೆನ್ಸ್ ಬ್ಯಾಡ ಕಣ್ಲಾ. ನಮ್ಮ ಗಾಡಿಯಾಗೇ ಮುಂದೆ ಕೂತ್ಕಂಡು ಬತ್ತೀನಿ."

ತಲೆಗೆ ಶಾಲು ಸುತ್ತಿ, ಎಡಗಡೆ ಸೀಟಲ್ಲಿ ಕೂರಿಸಿ, ಬೆಲ್ಟ್ ಹಾಕಿದೆ. ಮಧ್ಯಾಹ್ನದ ಹೊತ್ತಾದರೂ ಮಂಜು ರಸ್ತೆ ಮೇಲೇ ಕೂತಿತ್ತು. ಸುಂಟಿಕೊಪ್ಪ ದಾಟುವಾಗ, "ಗಾಳಿ ನೋಡಿಸಿದ್ಯಾ ಟೈರಿಗೆ?" ಅಂತ ಕೇಳಿದರು. "ಹೂಂ, ನಿನ್ನೆನೇ" ಅಂದೆ. ಹಣೆಯನ್ನು ಕಿಟಕಿ ಗಾಜಿಗೆ ಒರಗಿಸಿಕೊಂಡರು.

ಆಮೇಲೆ ಮಾತಾಡಿದ್ದೆಲ್ಲ ನಾನೇ. ಆನೆಕಾಡಿನ ಮರಗಳ ನಡುವೆ, ಗುಡ್ಡೆಹೊಸೂರು, ಕುಶಾಲನಗರ, ಅಷ್ಟುದ್ದಕ್ಕೂ. ಶುಂಠಿಗೆ ಕೊಳೆರೋಗ ಬಂದಿದ್ದು, ಟಾರ್ಪಾಲು ಹರಿದಿದ್ದು, ಅಡ್ಡ ಬಂದ ಬಸ್ಸಿನವನ ಜನ್ಮ ಜಾಲಾಡಿದ್ದು. ಕೂಡಿಗೆ ಸೇತುವೆ ಮೇಲೆ "ಹೊಳೆ ತುಂಬೈತೆ ನೋಡು ದೊಡ್ಡಪ್ಪ" ಅಂದೆ. ಮಾತಿಲ್ಲ. ನಿದ್ದೆ ಬಂದಿದೆ, ಪಾಪ, ಅಂದುಕೊಂಡು ಎಚ್ಚರ ಆಗದಿರಲಿ ಅಂತ ಒಂದೊಂದು ಗುಂಡಿಯನ್ನೂ ತಪ್ಪಿಸಿ ತಪ್ಪಿಸಿ ಓಡಿಸಿದೆ.

ಅಂಗಳದಲ್ಲಿ ದೊಡ್ಡಮ್ಮ ಬಿಸಿನೀರು ಹಿಡಿದು ನಿಂತಿದ್ದಳು. ಅವಳೇ ಬಾಗಿಲು ತೆಗೆದದ್ದು. ಬಾಗಿಲ ಜೊತೆಗೇ ಆ ತಲೆ ಹೊರಗೆ ವಾಲಿತು. ಬೆಲ್ಟ್ ಹಿಡಿದುಕೊಂಡಿತ್ತು, ಇಲ್ಲದಿದ್ದರೆ ಅವಳ ಮೈಮೇಲೇ ಬೀಳುತ್ತಿದ್ದರು. ದೊಡ್ಡಮ್ಮ ಕಾಲು ಮುಟ್ಟಿ ನೋಡಿದಳು. ಕಿರುಚಲಿಲ್ಲ. "ಯಾವಾಗ್ಲೋ ತಣ್ಣಗಾಗೈತೆ" ಅಂದಳು. ಆಮೇಲೆ ನನ್ನ ಮುಖ ನೋಡಿ, "ಎಲ್ಲಿ?" ಅಂತ ಕೇಳಿದಳು.

"ಗೊತ್ತಿಲ್ಲ ದೊಡ್ಡಮ್ಮ" ಅಂದೆ. ದೇವರಾಣೆ ನನಗೆ ಗೊತ್ತಿರಲಿಲ್ಲ.

ಅವಳು ಕೇಳಿದ್ದು ಸುಮ್ಮನೆ ಅಲ್ಲ. ನಮ್ಮ ಮನೆತನದಲ್ಲಿ ದಾರಿಯಲ್ಲಿ ಜೀವ ಬಿಟ್ಟವರನ್ನು ಹೋಗಿ ಕರೆದುಕೊಂಡು ಬರಬೇಕು. ಅದೇ ಜಾಗದಲ್ಲಿ ಪುರಿ ಚೆಲ್ಲಿ, ಕಾಯಿ ಒಡೆದು, ಹೆಸರು ಹಿಡಿದು ಮೂರು ಸಲ ಕರೆದು, ಅಲ್ಲಿನ ಒಂದು ಕಲ್ಲು ಎತ್ತಿಕೊಂಡು ಹಿಂದೆ ತಿರುಗಿ ನೋಡದೆ ಬರಬೇಕು. ಆ ಕಲ್ಲು ಮನೆಯೊಳಗೆ ಬಂದರೆ ಅವರು ಬಂದ ಹಾಗೆ. ಇಲ್ಲದಿದ್ದರೆ ಅವರು ಅಲ್ಲೇ ರಸ್ತೆ ಪಕ್ಕ ನಿಂತು ಹೋಗೋ ಬರೋ ಗಾಡಿಗೆಲ್ಲ ಕೈ ತೋರಿಸುತ್ತಿರುತ್ತಾರೆ ಅಂತ ಚಿಕ್ಕಂದಿನಲ್ಲಿ ನಮ್ಮನ್ನು ಹೆದರಿಸುತ್ತಿದ್ದರು. ಜಾಗವೇ ಗೊತ್ತಿಲ್ಲದಿದ್ದರೆ? ಹಿರಿಯರು ಕೂತು ಮಾತಾಡಿ, ಹೊಳೆಯಿಂದ ಒಂದು ಕಲ್ಲು ತಂದು ತಿಥಿ ಮುಗಿಸಿದರು. ದೊಡ್ಡಮ್ಮ ಆ ಕಲ್ಲನ್ನು ಕೈಯಿಂದ ಮುಟ್ಟಲಿಲ್ಲ. "ಇದು ಯಾರ್ದೋ" ಅಂದಳು ಅಷ್ಟೆ. ಅವತ್ತಿನಿಂದ ಮುಸ್ಸಂಜೆಗೆ ಜಗಲಿಯಲ್ಲಿ ಕೂತು ರಸ್ತೆ ನೋಡೋದೇ ಅವಳ ಕೆಲಸವಾಯಿತು. ಅನ್ನ ಬಡಿಸಿದರೆ, "ಅವ್ರು ಅಲ್ಲೆಲ್ಲೋ ನೆನೀತಾವ್ರೆ, ನಾನಿಲ್ಲಿ ಉಣ್ಲಾ?" ಅನ್ನೋಳು. ಅರ್ಧಕ್ಕರ್ಧ ಇಳಿದುಹೋದಳು.

ಗಾಡಿ ಮಾರಿಬಿಡು, ಹೆಣ ಕೂತ ಗಾಡಿ ಒಳ್ಳೇದಲ್ಲ ಅಂತ ಊರವರ ಉಪದೇಶ ಬೇರೆ. "ನಿಮ್ಮಪ್ಪನ ಮನೆ ಗಾಡಿಯೇನಯ್ಯ?" ಅಂತ ಒಬ್ಬನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ ಮೇಲೆ ಬಾಯಿ ಮುಚ್ಚಿದರು.

ಆಮೇಲೆ ಒಂದು ಮಧ್ಯಾಹ್ನ ಸುಂಟಿಕೊಪ್ಪದ ಎಸ್ಟೇಟಿಗೆ ಗೊಬ್ಬರ ಇಳಿಸಿ ಒಬ್ಬನೇ ವಾಪಸ್ ಬರುತ್ತಿದ್ದೆ. ಆನೆಕಾಡು. ಮಳೆ ನಿಂತಿತ್ತು, ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ತಿರುವು ಹಿಡಿಯುತ್ತಿದ್ದ ಹಾಗೆ ಟಿಣ್ ಟಿಣ್ ಟಿಣ್.

ಎಡಗಡೆ ನೋಡಿದೆ. ಯಾರಿದ್ದಾರೆ ಅಲ್ಲಿ? ಖಾಲಿ ಸೀಟು, ಅದರ ಮೇಲೆ ಹೊಳೆಯೋ ಪ್ಲಾಸ್ಟಿಕ್ಕು. ಆದರೆ ಮೀಟರಿನ ಹತ್ತಿರ ಬೆಲ್ಟ್ ಹಾಕದೆ ಕೂತ ಮನುಷ್ಯನ ಆ ಕೆಂಪು ಗುರುತು ಹತ್ತಿ ಕೂತಿತ್ತು. "ಯಾವನಯ್ಯ ಅದು!" ಅಂತ ಗದರಿಸಿದೆ. ಬಡಕೊಳ್ಳೋದು ನಿಲ್ಲಲಿಲ್ಲ. ಕಾಡು ಮುಗಿದು ಮನೆಗಳು ಕಂಡ ಮೇಲೆ ತಾನಾಗಿ ಸುಮ್ಮನಾಯಿತು.

ಒಂದು ಸಲ ಆದರೆ ಬಿಡು ಅನ್ನಬಹುದಿತ್ತು. ಮುಂದಿನ ಸಲವೂ ಅಲ್ಲೇ. ಅದರ ಮುಂದಿನ ಸಲವೂ ಅದೇ ತಿರುವಿನಲ್ಲೇ. ಮೇಲೆ ಹೋಗುವಾಗ ಇಲ್ಲ, ಮನೆ ಕಡೆ ಬರುವಾಗ ಮಾತ್ರ. ಕೊನೆಗೆ ನಾನು ಆ ಖಾಲಿ ಸೀಟಿಗೇ ಬೆಲ್ಟ್ ಸಿಕ್ಕಿಸಿ ಓಡಿಸತೊಡಗಿದೆ. ಚೆಕ್‌ಪೋಸ್ಟಿನವನು ಬಗ್ಗಿ ನೋಡಿ, "ಯಾರನ್ನ ಕೂರಿಸ್ಕೊಂಡು ಹೊಂಟ್ರಿ ಅಣ್ಣ?" ಅಂತ ನಕ್ಕ. ನನಗೆ ನಗು ಬರಲಿಲ್ಲ.

ಕುಶಾಲನಗರದ ಮೆಕ್ಯಾನಿಕ್ಕು ಪ್ಲಾಸ್ಟಿಕ್ಕಿನ ಒಂದು ಮೂಲೆ ಎತ್ತಿದ. ಅಡಿಯಲ್ಲಿ ಹಸಿರು ಬೂಸ್ಟು, ಮುಗ್ಗಲು ವಾಸನೆ. "ಎಂತ ಅಣ್ಣ ಇದು, ಮಳೆಗಾಲದಲ್ಲಿ ಕವರ್ ತೆಗೀದೆ ಇಡ್ತಾರಾ? ಒಳಗೆಲ್ಲ ನೀರು. ಸೆನ್ಸರಿಗೆ ತಲೆ ಕೆಟ್ಟಿದೆ" ಅಂದ.

"ಅದೊಂದೇ ಜಾಗದಲ್ಲಿ ಯಾಕಪ್ಪ ಕೆಡ್ತದೆ?"

"ರಸ್ತೆ ಕುಲುಕ್ತದಲ್ಲ."

"ಹೋಗುವಾಗಲೂ ಅದೇ ರಸ್ತೆ ಅಲ್ವೇನಯ್ಯ?"

ಅವನು ತಲೆ ಕೆರೆದುಕೊಂಡ. "ಬರೋ ಸೈಡಲ್ಲಿ ಗುಂಡಿ ಜಾಸ್ತಿ ಇರ್ಬೇಕು. ನಾಳೆ ತನ್ನಿ, ಸೀಟು ಬಿಚ್ಚಿ ಒಣಗಿಸ್ತೇನೆ."

ಅವನು ಹೇಳಿದ್ದೇ ಸರಿ ಅಂತ ನನ್ನ ಬುದ್ಧಿ ಹೇಳುತ್ತಿತ್ತು. ಆದರೆ ನನಗಿದ್ದ ಭಯವೇ ಬೇರೆ. ಆನೆಕಾಡಲ್ಲೇ ಜೀವ ಹೋಗಿದ್ದರೆ, ಅಲ್ಲಿಂದ ಮನೆವರೆಗೆ ನಾನು ಮಾತಾಡುತ್ತಾ ಬಂದಿದ್ದು ಯಾರ ಜೊತೆ? ಸಾಕಿದ ಕೈ ನನ್ನ ಪಕ್ಕದಲ್ಲೇ ತಣ್ಣಗಾಗುತ್ತಿದ್ದಾಗ ನಾನು ಟಾರ್ಪಾಲಿನ ಕಥೆ ಹೇಳುತ್ತಿದ್ದೆ. ಬಾಯಿಗೆ ಒಂದು ತೊಟ್ಟು ನೀರು ಬಿಡಲಿಲ್ಲ. ಇದನ್ನು ಯೋಚಿಸಿದರೆ ಈಗಲೂ ಸಂಕಟ ಆಗುತ್ತದೆ.

ಮನೆಗೆ ಬಂದು ಇದನ್ನೆಲ್ಲ ಹೆಂಡತಿಗೆ ಮಾತ್ರ ಹೇಳಿದೆ. ಜಗಲಿಯಲ್ಲಿದ್ದ ದೊಡ್ಡಮ್ಮನ ಕಿವಿಗೆ ಬಿತ್ತು. ಎದ್ದು ಬಂದು ಬಾಗಿಲಲ್ಲಿ ನಿಂತಳು. "ರಿಪೇರಿ ಗಿಪೇರಿ ಮಾಡಿಸ್ಬ್ಯಾಡ. ಮೊದ್ಲು ನನ್ನ ಕರ್ಕಂಡು ಹೋಗು."

"ಅದು ನೀರು ನುಗ್ಗಿ ಕೆಟ್ಟಿರೋದು ದೊಡ್ಡಮ್ಮ."

"ಕೆಟ್ಟಿರ್ಲಿ. ಕರ್ಕಂಡು ಹೋಗು ಅಂದ್ನಲ್ಲ."

ಮಾರನೇ ದಿನ ಬೆಳಗ್ಗೆ ಮಡಿಕೇರಿವರೆಗೂ ಹೋಗಿ, ಆಸ್ಪತ್ರೆ ಗೇಟಿನ ಹತ್ತಿರ ಗಾಡಿ ತಿರುಗಿಸಿ, ಅವತ್ತು ದೊಡ್ಡಪ್ಪನನ್ನು ಕರೆತಂದ ಹೊತ್ತಿಗೇ ಹೊರಟೆವು. ದೊಡ್ಡಮ್ಮ ನಡುವಿನ ಇಕ್ಕಟ್ಟಿನಲ್ಲಿ ಕೂತಿದ್ದಳು, ಮೊಣಕಾಲಿಗೆ ಗೇರು ತಾಗುತ್ತಿತ್ತು. "ಆ ಕಡೆ ಸರಿ ದೊಡ್ಡಮ್ಮ, ಜಾಗ ಐತಲ್ಲ" ಅಂದರೆ, "ಅದು ಅವ್ರದ್ದು" ಅಂದಳು. ತೊಡೆ ಮೇಲೆ ಪುರಿ, ಕಾಯಿ, ಹೊಸ ಬಟ್ಟೆಯ ಗಂಟು. ಎಡಗಡೆ ಸೀಟು ಖಾಲಿ. ಬೆಲ್ಟನ್ನೂ ನಾನು ಬಿಚ್ಚಿಟ್ಟಿದ್ದೆ.

ಸುಂಟಿಕೊಪ್ಪ ಆಯಿತು. ಆನೆಕಾಡಿನೊಳಗೆ ಇಳಿಯುತ್ತಿದ್ದ ಹಾಗೆ ಬೆಳಕು ಕಮ್ಮಿಯಾಯಿತು. ಲೈಟು ಹಾಕಿದೆ. ಆ ತಿರುವು ಬಂತು.

ಟಿಣ್ ಟಿಣ್ ಟಿಣ್.

ದೊಡ್ಡಮ್ಮನ ಎರಡೂ ಕೈ ಗಂಟಿನ ಮೇಲಿದ್ದವು. ನಾನು ನೋಡಿದೆ, ಸೀಟಿಗೆ ತಾಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳೋಕೇ ನೋಡಿದೆ. ಕೆಂಪು ಗುರುತು ಹತ್ತಿತ್ತು. ಬ್ರೇಕ್ ಮೇಲೆ ಕಾಲಿಟ್ಟು, "ನಿಲ್ಲಿಸ್ಲಾ?" ಅಂದೆ. ಅವಳು ಆ ಮರಗಳನ್ನು ನೋಡಿದಳು, ಮರಗಳ ಹಿಂದಿನ ಕತ್ತಲೆ ನೋಡಿದಳು. ಆಮೇಲೆ ಖಾಲಿ ಸೀಟಿನ ಕಡೆ ತಿರುಗಿ, ಮನೆಯಲ್ಲಿ ಅವರೊಡನೆ ಮಾತಾಡುತ್ತಿದ್ದ ಮೆಲುದನಿಯಲ್ಲೇ, "ಭದ್ರವಾಗಿ ಕೂತ್ಕಳಿ" ಅಂದಳು. ನನಗೆ, "ನಡಿ" ಅಂದಳು.

ನಡೆದೆ. ಇನ್ನೇನು ಮಾಡಲಿ? ಕಾಡು ಮುಗಿಯೋವರೆಗೂ ಅದು ಬಡಿದುಕೊಳ್ಳುತ್ತಲೇ ಇತ್ತು. ಪಕ್ಕಕ್ಕೆ ನೋಡೋ ಧೈರ್ಯ ನನಗಾಗಲಿಲ್ಲ. ಗುಡ್ಡೆಹೊಸೂರಲ್ಲಿ ನಿಂತಿತು. ಕುಶಾಲನಗರ, ಕೂಡಿಗೆ ಸೇತುವೆ, ಹೆಬ್ಬಾಲೆ, ಎಲ್ಲೂ ಸದ್ದಿಲ್ಲ. ಕಾಡಲ್ಲೇ ನಿಲ್ಲಿಸಬೇಕಿತ್ತು, ಈ ಮುದುಕಿ ಹೆದರಿಕೊಂಡು ಅವರನ್ನು ಅಲ್ಲೇ ಬಿಟ್ಟು ಬಂದಳು, ಇನ್ನು ಜನ್ಮದಲ್ಲಿ ಅನ್ನ ಮುಟ್ಟಲ್ಲ ಅಂತ ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ನಮ್ಮೂರ ರಸ್ತೆಗೆ ತಿರುಗಿ ಸ್ವಲ್ಪ ದೂರಕ್ಕೆ ಒಂದು ಏರು ಇದೆ. ಅದನ್ನು ಹತ್ತಿದರೆ ನಮ್ಮ ಜೋಳದ ಹೊಲ ಪೂರ್ತಿ ಕಾಣುತ್ತದೆ, ಅದರಾಚೆ ನಮ್ಮ ಮನೆಯ ಹೆಂಚು. ಏರಿನ ತುದಿಗೆ ಬಂದಾಗ ಮತ್ತೆ ಟಿಣ್ ಟಿಣ್ ಅಂದಿತು. ಈ ಸಲ ನೋಡಿದೆ. ದೊಡ್ಡಮ್ಮನ ಎಡಗೈ ಸೀಟಿನ ಮೇಲೆ ಇತ್ತು. ಸುಮ್ಮನೆ ಇಟ್ಟಿರಲಿಲ್ಲ, ಮೈಭಾರ ಎಲ್ಲ ಬಿಟ್ಟು ಊರಿದ್ದಳು.

"ನಿಲ್ಸು. ಇಲ್ಲೇ" ಅಂದಳು.

ನಾನು ಅವಳ ಕೈ ನೋಡಿದ್ದು ಅವಳಿಗೆ ಗೊತ್ತಾಯಿತು. ಕೈ ತೆಗೆಯಲಿಲ್ಲ. ಅವಳ ಮುಖ ಎಷ್ಟು ಗಟ್ಟಿಯಾಗಿತ್ತು ಅಂದರೆ ನಾನು ಗಾಡಿ ಪಕ್ಕಕ್ಕೆ ಹಾಕಿದೆ.

ಆ ಸೀಟನ್ನು ದಾಟಿಕೊಂಡು, ಬಾಗಿಲು ತೆಗೆದು, ಕಷ್ಟಪಟ್ಟು ಇಳಿದಳು. ಪುರಿ ಚೆಲ್ಲಿದಳು, ಕಲ್ಲಿಗೆ ಕಾಯಿ ಹೊಡೆದಳು. ಆಮೇಲೆ ಹೊಲದ ಕಡೆ ನಿಂತು ದೊಡ್ಡಪ್ಪನ ಹೆಸರು ಹಿಡಿದು ಕರೆದಳು. ಗಂಡನ ಹೆಸರು ಅವಳ ಬಾಯಲ್ಲಿ ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮೊದಲ ಸಲ ಮೆಲ್ಲಗೆ, ತನಗೆ ತಾನೇ ಹೇಳಿಕೊಂಡ ಹಾಗೆ. ಎರಡನೇ ಸಲ ಗಟ್ಟಿಯಾಗಿ ಕರೆದಳು. ಮೂರನೇ ಸಲ, ಊಟಕ್ಕೆ ಕರೆಯೋ ಹಾಗೆ.

ಇಷ್ಟು ಹೊತ್ತೂ ಗಾಡಿ ಟಿಣ್ ಟಿಣ್ ಅನ್ನುತ್ತಲೇ ಇತ್ತು. ಆಮೇಲೆ ನನಗೆ ಹೊಳೆಯಿತು. ಸೀಟಿನ ಮೇಲೆ ಅವಳ ಕೈ ಇರಲಿಲ್ಲ. ಅವಳು ರಸ್ತೆಯಲ್ಲಿದ್ದಳು. ಯಾರೂ ಇರಲಿಲ್ಲ ಅಲ್ಲಿ. ನಾನು ಸ್ಟೇರಿಂಗ್ ಬಿಗಿಯಾಗಿ ಹಿಡಿದು ನೆಟ್ಟಗೆ ಮುಂದೆ ನೋಡಿದೆ. ಆ ಕಡೆ ತಿರುಗದೆಯೇ, "ಬಂದ್ವಿ ದೊಡ್ಡಪ್ಪ, ಮನೆ ಕಾಣ್ತೈತೆ" ಅಂದೆ.

ದೊಡ್ಡಮ್ಮ ಹಿಂದೆ ತಿರುಗಿ ನೋಡದೆ ಬಂದಳು. ಬಟ್ಟೆಯಲ್ಲಿ ಸುತ್ತಿದ ಕಲ್ಲು ಸೆರಗಿನಲ್ಲಿತ್ತು. ಈಗ ಎಡಗಡೆ ಸೀಟಿನಲ್ಲೇ ಕೂತು ಕಲ್ಲನ್ನು ಮಡಿಲಲ್ಲಿ ಇಟ್ಟುಕೊಂಡಳು. ನಾನು ಬಗ್ಗಿ, ಬೆಲ್ಟ್ ಎಳೆದು, ಇಬ್ಬರನ್ನೂ ಸೇರಿಸಿ ಸಿಕ್ಕಿಸಿದೆ. ಸದ್ದು ನಿಂತಿತು.

"ಇಲ್ಲಿಗಂಟ ಜೀವ ಇತ್ತು ಕಣೋ" ಅಂದಳು ಹೊಲ ನೋಡುತ್ತಾ. "ನೀನು ಹೇಳಿದ್ದೆಲ್ಲಾನೂ ಕೇಳಿಸ್ಕಂಡೇ ಬಂದವ್ರೆ."

ನನಗೆ ಗೇರು ಹಾಕೋಕಾಗಲಿಲ್ಲ. ಇಷ್ಟು ವಯಸ್ಸಿನವನು ಸ್ಟೇರಿಂಗಿಗೆ ತಲೆ ಇಟ್ಟು ಹೋ ಅಂತ ಅತ್ತುಬಿಟ್ಟೆ. ಆಮೇಲೆ ನನ್ನ ಬೆನ್ನಿಗೆ ಒಂದು ತಟ್ಟಿ, "ಸಾಕು, ನಡಿ. ಅವ್ರಿಗೆ ಹೊಟ್ಟೆ ಹಸ್ದಿರ್ತದೆ. ನಂಗೂ" ಅಂದಳು.